ಹೆಬ್ಬಾವಿಗೆ ಬಣ್ಣ ಬಂದ ಕಥೆ

2023ರ ಸೆಪ್ಟೆಂಬರ್ 6ರ ರಾತ್ರಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ವಿಮಾನದ ಸಾಮಾನುಗಳಲ್ಲಿ 72 ಹಾವುಗಳು ಸಿಕ್ಕಿದವು. 17 ಕಾಳಿಂಗ ಸರ್ಪಗಳು, 55 ಹೆಬ್ಬಾವುಗಳು. ಜೊತೆಗೆ ಸತ್ತುಹೋಗಿದ್ದ 6 ಪುಟ್ಟ ಕೋತಿಗಳು. ಸುದ್ದಿ ಓದಿದ ನಮ್ಮ ಮನೆಯವರೆಲ್ಲ ಕಾಳಿಂಗದ ಹೆಸರಿಗೇ ಬೆಚ್ಚಿಬಿದ್ದರು. ನನ್ನ ಮನಸ್ಸು ಮಾತ್ರ ‘ಬಗೆಬಗೆಯ ಬಣ್ಣದ ಹೆಬ್ಬಾವುಗಳು’ ಎಂಬ ಮಾತಿನ ಮೇಲೆ ಕೂತುಬಿಟ್ಟಿತು. ಹೆಬ್ಬಾವಿಗೆ ಬಗೆಬಗೆಯ ಬಣ್ಣ ಎಲ್ಲಿಂದ ಬಂತು? ಸೀರೆಯಂಗಡಿಯಲ್ಲಿ ಕೇಳಬೇಕಾದ ಮಾತು ಇದು, ಸುಂಕದ ಕಟ್ಟೆಯಲ್ಲಲ್ಲ.

ಹುಡುಕುತ್ತಾ ಹೋದರೆ ಈ ಕಥೆ ಆಫ್ರಿಕಾದ ಪಶ್ಚಿಮ ಕರಾವಳಿಗೆ ಕರೆದೊಯ್ಯುತ್ತದೆ. ಘಾನಾ, ಟೋಗೋ, ಬೆನಿನ್ ದೇಶಗಳ ಹೊಲಗಳಲ್ಲಿ, ಇಲಿ ಹೆಗ್ಗಣಗಳ ಬಿಲಗಳಲ್ಲಿ ವಾಸಿಸುವ ಪುಟ್ಟ ಹೆಬ್ಬಾವು ಇದು. ಮೂರರಿಂದ ಐದಡಿ ಉದ್ದ, ಕಂದು ಮೈ, ಮೇಲೆ ಕಪ್ಪು ಪಟ್ಟೆ. ವಿಷವಿಲ್ಲ. ಹೆದರಿದರೆ ಕಚ್ಚಲು ಬರುವುದಿಲ್ಲ, ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಬಾಲ್ ಪೈಥಾನ್ ಎಂಬ ಹೆಸರು. ಬ್ರಿಟನ್ನಿನವರು ಮರ್ಯಾದೆ ಕೊಟ್ಟು ರಾಯಲ್ ಪೈಥಾನ್ ಎನ್ನುತ್ತಾರೆ. ತಾಯಿ ಹಾವು ಮೊಟ್ಟೆಗಳನ್ನು ಸುತ್ತಿಕೊಂಡು ಸುಮಾರು ಎರಡು ತಿಂಗಳು ಬಹುತೇಕ ಉಪವಾಸವೇ ಕೂರುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಅಜ್ಜಿ ಹಾವು, ವರ್ಷಗಟ್ಟಲೆ ಗಂಡಿನ ಮುಖವನ್ನೇ ಕಾಣದಿದ್ದರೂ 2020ರಲ್ಲಿ ಏಳು ಮೊಟ್ಟೆಯಿಟ್ಟು ಎಲ್ಲರನ್ನೂ ಬೆರಗಾಗಿಸಿತು. ಆಗ ಅದಕ್ಕೆ 62ರ ಆಸುಪಾಸಿನ ವಯಸ್ಸೆಂದು ಅಂದಾಜು.

ಬೆನಿನ್ ದೇಶದ ವಿದಾ ಎಂಬ ಊರಲ್ಲಿ ಈ ಹಾವಿಗೊಂದು ಗುಡಿಯೇ ಇದೆ. ಒಂದು ಕಾಲಕ್ಕೆ ಗುಲಾಮರನ್ನು ಹಡಗಿಗೆ ತುಂಬಿ ಕಳಿಸುತ್ತಿದ್ದ ಬಂದರಿನ ಊರದು. 1727ರಲ್ಲಿ ಪಕ್ಕದ ದಹೋಮಿ ರಾಜ್ಯ ಅದನ್ನು ಗೆದ್ದುಕೊಂಡಿತು, ಅಲ್ಲಿನ ಅರಸೊತ್ತಿಗೆ ಮುಳುಗಿತು. ಹಾವಿನ ಪೂಜೆ ಮಾತ್ರ ಉಳಿಯಿತು. ಗುಡಿಯ ಹಾವುಗಳನ್ನು ಆಗಾಗ ರಾತ್ರಿ ಹೊರಗೆ ಬಿಡುತ್ತಾರೆ. ಅವು ಇಲಿ ಹುಡುಕಿಕೊಂಡು ಯಾರದೋ ಮನೆ ಸೇರಿದರೆ, ಆ ಮನೆಯವರು ಹೊಡೆಯುವುದಿಲ್ಲ, ಜೋಪಾನವಾಗಿ ಎತ್ತಿಕೊಂಡು ಗುಡಿಗೆ ಬಿಟ್ಟು ಬರುತ್ತಾರೆ. ನಾಗರಪಂಚಮಿಯ ದಿನ ಕಲ್ಲಿನ ನಾಗರಕ್ಕೆ ಹಾಲೆರೆದು, ಮರುದಿನ ಹಿತ್ತಲಲ್ಲಿ ನಿಜವಾದ ಹಾವು ಕಂಡರೆ ದೊಣ್ಣೆ ಹುಡುಕುವ ನಮಗೆ ಇದು ಸ್ವಲ್ಪ ಮುಜುಗರದ ವಿಷಯವೇ.

ಇದೇ ಸಾಧು ಸ್ವಭಾವ ಹಾವಿಗೆ ಮುಳುವಾಯಿತು. ಸಾಕುಪ್ರಾಣಿಯ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಸರಕು ಬೇಕೇ? 1975ರಿಂದ ಈಚೆಗೆ ಪಶ್ಚಿಮ ಆಫ್ರಿಕಾದಿಂದ ಹೊರದೇಶಗಳಿಗೆ ಹೋದ ಈ ಹಾವುಗಳ ಲೆಕ್ಕ 30 ಲಕ್ಷವನ್ನೂ ಮೀರಿದೆ. ಬಸಿರಿ ಹಾವುಗಳನ್ನು ಬಿಲದಿಂದ ತೆಗೆದು ತರುವುದು, ಅವು ಇಟ್ಟ ಮೊಟ್ಟೆಗಳನ್ನು ಮರಿ ಮಾಡಿಸುವುದು, ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಅಮೆರಿಕ, ಯುರೋಪಿಗೆ ಕಳಿಸುವುದು. ಮೊದಮೊದಲು ಅಗ್ಗದ ಹಾವು, ಯಾರೂ ಕಣ್ಣೆತ್ತಿ ನೋಡದ ಕಂದು ಹಾವು.

ಆ ಸಾವಿರಾರು ಕಂದು ಹಾವುಗಳ ನಡುವೆ ಎಲ್ಲೋ ಅಪರೂಪಕ್ಕೆ ಒಂದು, ಬಣ್ಣ ತಪ್ಪಿ ಹುಟ್ಟಿದ್ದು ಬರುತ್ತಿತ್ತು. ಕಪ್ಪೇ ಇಲ್ಲದ, ಬಿಳಿ ಹಳದಿ ಮೈಯ, ಕೆಂಪು ಕಣ್ಣಿನ ಹಾವು. ಕಾಡಿನಲ್ಲಿ ಇಂಥದ್ದು ಹೆಚ್ಚು ದಿನ ಉಳಿಯುವುದು ಕಷ್ಟ, ಹದ್ದಿನ ಕಣ್ಣಿಗೆ ಮೊದಲು ಬೀಳುವುದು ಅದೇ. ಪೇಟೆಯಲ್ಲಿ ಮಾತ್ರ ಅದಕ್ಕೇ ಬೆಲೆ. ಅಂಥ ಹಾವೊಂದನ್ನು ಕೊಂಡು ಸಾಕಿದ ಅಮೆರಿಕದ ಬಾಬ್ ಕ್ಲಾರ್ಕ್ 1992ರಲ್ಲಿ ತನ್ನ ಮನೆಯಲ್ಲೇ ಬಿಳಿ ಮರಿಗಳನ್ನು ಹುಟ್ಟಿಸಿದರು. ಒಂದೊಂದಕ್ಕೂ 7,500 ಡಾಲರ್! ಅಲ್ಲಿಂದ ಶುರುವಾಯಿತು ನೋಡಿ ಓಟ.

ಬಣ್ಣ ತಪ್ಪಿದ ಒಂದೇ ಹಾವಿನಿಂದ ಇನ್ನಷ್ಟು ಬಿಳಿ ಮರಿ ಪಡೆಯುವುದು ಹೇಗೆ? ಬಿಳಿ ಹಾವಿಗೆ ಕಂದು ಹಾವಿನ ಜೋಡಿ ಮಾಡಿದರೆ ಹುಟ್ಟುವ ಮರಿಗಳೆಲ್ಲ ಕಂದೇ. ಆದರೆ ಅವುಗಳ ಒಡಲಲ್ಲಿ ಬಿಳಿಯ ಗುಟ್ಟು ಅಡಗಿರುತ್ತದೆ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಆ ಗುಟ್ಟು ಬಂದು ಕೂಡಿದಾಗಲೇ ಬಣ್ಣ ಹೊರಗೆ ಕಾಣುವುದು. ಗುಟ್ಟು ಹೊತ್ತ ಎರಡು ಕಂದು ಹಾವುಗಳನ್ನು ಕೂಡಿಸಿದರೆ, ಸರಾಸರಿ ನಾಲ್ಕಕ್ಕೊಂದು ಮರಿ ಬಿಳಿ. ಸರಾಸರಿ ಅಷ್ಟೇ. ಒಂದು ಸೂಲಿನ ಐದಾರು ಮೊಟ್ಟೆಯಲ್ಲಿ ಒಂದೂ ಬಿಳಿ ಇಲ್ಲದೆ ಹೋಗಬಹುದು.

ಬೇಗ ಫಲ ಬೇಕೆಂದರೆ ದಾರಿ ಒಂದೇ: ಮಗಳನ್ನು ಅಪ್ಪನಿಗೆ, ಅಣ್ಣನಿಗೆ ತಂಗಿಯನ್ನು ಜೋಡಿಸುವುದು. ಸಾಕುವವರು ಅದನ್ನು ಮಾಡಿದರು, ಮಾಡುತ್ತಲೂ ಇದ್ದಾರೆ. ಇದನ್ನು ಓದುವಾಗ ನನಗೆ ನಮ್ಮ ಕಡೆಯ ಸೋದರಮಾವನ ಮದುವೆಗಳು ನೆನಪಾದವು. ಆಸ್ತಿ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರಿಗಿರಬೇಕು ಎಂದು ಅಕ್ಕನ ಮಗಳನ್ನೇ ತಂದುಕೊಳ್ಳುವ ಮನೆಗಳಿಗೆ ಡಾಕ್ಟರು ಹೇಳುವುದೂ ಇದೇ ಲೆಕ್ಕ. ಇಬ್ಬರಲ್ಲೂ ಅಡಗಿದ್ದದ್ದು ಮಗುವಿನಲ್ಲಿ ಬಂದು ಕೂಡುತ್ತದೆ. ಹಾವಿನಲ್ಲಿ ಅದನ್ನು ಬಯಸಿ ಮಾಡುತ್ತಾರೆ, ನಮ್ಮಲ್ಲಿ ತಿಳಿಯದೆ.

ಇದು ಬರಿಯ ಹೋಲಿಕೆಯ ಮಾತಲ್ಲ. ಅಮೆರಿಕದ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಹಾನಾ ಸೈಡೆಲ್ ಎಂಬ ಅಧ್ಯಾಪಕಿ ತನ್ನ ತರಗತಿಯ ಮಕ್ಕಳನ್ನು ಕೂಡಿಸಿಕೊಂಡು ಈ ಬಿಳಿ ಹಾವಿನ ಗುಟ್ಟನ್ನು ಹುಡುಕಿದರು. ಒಂದು ಹಾವಿನ ರಕ್ತವನ್ನೂ ತೆಗೆಯಲಿಲ್ಲ. ಸಾಕುವವರು ಕಳಿಸಿಕೊಟ್ಟ ಪೊರೆಯೇ ಸಾಕಾಯಿತು. ಹಾವು ಕಳಚಿ ಬಿಸಾಡಿದ ಪೊರೆಯಲ್ಲಿ ಅದರ ವಂಶದ ಬರಹವೆಲ್ಲ ಇರುತ್ತದಲ್ಲ! 2022ರಲ್ಲಿ ಪ್ರಕಟವಾದ ಅವರ ಬರಹದ ಪ್ರಕಾರ, ಬಿಳಿ ಹಾವಿನಲ್ಲಿ ಕೆಟ್ಟಿರುವುದು ಟೈರೋಸಿನೇಸ್ ಎಂಬ ಕಿಣ್ವದ ಜೀನ್. ಅದು ಕೆಟ್ಟರೆ ಮೈಗೆ ಕಪ್ಪು ಬಣ್ಣ ತಯಾರಾಗುವುದಿಲ್ಲ. ಆಲ್ಬಿನಿಸಂ ಇರುವ ಅನೇಕ ಮನುಷ್ಯರಲ್ಲಿ ಕೆಟ್ಟಿರುವುದೂ ಇದೇ ಜೀನ್. ಆ ಹಾವು ಒಂದು ಕಾಲಕ್ಕೆ ಸಾವಿರಾರು ಡಾಲರ್ ಬಾಳುತ್ತಿತ್ತು. ಅಂಥ ಮಗು ಹುಟ್ಟಿದರೆ ನೆರೆಮನೆಯವರು ತೊಟ್ಟಿಲ ಹತ್ತಿರ ಬಂದು ಪಿಸುಗುಟ್ಟುತ್ತಾರೆ.

ಓಟದ ವಿಷಯಕ್ಕೆ ಮತ್ತೆ ಬರೋಣ. 1997ರಲ್ಲಿ ಬಿಳಿ ಮೈಮೇಲೆ ತೇಪೆ ಹಾಕಿದಂತೆ ಕಂದು ಬಣ್ಣವಿರುವ ಪೈಬಾಲ್ಡ್ ಸಾಕಿದವರ ಮನೆಯಲ್ಲೇ ಹುಟ್ಟಿತು. ಆಮೇಲೆ ಕ್ಲೌನ್, ಪ್ಯಾಸ್ಟೆಲ್, ಬನಾನಾ, ಬಟರ್, ಸಿನಮನ್, ಷಾಂಪೇನ್. ಇವೆಲ್ಲ ಹಾವಿನ ಹೆಸರುಗಳು ಎಂದರೆ ನಂಬುತ್ತೀರಾ? ಆನಂದ ನೀಲಿ, ಗಿಣಿ ಹಸಿರು, ಈರುಳ್ಳಿ ಬಣ್ಣ ಎಂದು ಸೀರೆ ಬಿಡಿಸಿ ಹಾಕುವವರ ಬಾಯಲ್ಲೂ ಇಷ್ಟು ಹೆಸರು ಬರಲಾರದು. ಒಂದನ್ನೊಂದು ಬೆರೆಸಿ ಹುಟ್ಟಿಸಿದವುಗಳನ್ನು ಲೆಕ್ಕ ಹಾಕಿದರೆ ಸಾವಿರಾರು ಬಗೆ. ಬಣ್ಣ ಹೆಚ್ಚಾದಂತೆ ಬೆಲೆ ಇಳಿಯಿತು. 1992ರ ಆ ಬಿಳಿ ಹಾವು ಈಗ ಕೆಲವೇ ನೂರು ಡಾಲರಿಗೆ, ಅದಕ್ಕೂ ಕಡಿಮೆಗೆ ಸಿಗುತ್ತದೆ. ಮೋಹ ಮುಂದಿನದರ ಮೇಲೆ. ಹೆಣ್ಣು ನೋಡಲು ಹೊರಟವರು ಓದಿನ ಮಾತೆತ್ತುವ ಮೊದಲೇ ‘ಬಣ್ಣ ಹೇಗೆ?’ ಎಂದು ಕೇಳುವ ನಾಡಿನಲ್ಲಿ ಬೆಳೆದವಳು ನಾನು, ಈ ಮೋಹವನ್ನು ದೂರದವರದೆಂದು ಹೇಳಲಾರೆ.

ನನ್ನನ್ನು ಕಾಡಿದ್ದು ಸ್ಪೈಡರ್ ಎಂಬ ಹಾವು. ಆಫ್ರಿಕಾದಿಂದ ಬಂದ ಒಂದೇ ಒಂದು ಹಾವಿನ ವಂಶ ಅದು, 1999ರಿಂದ ಬೆಳೆಯಿತು. ತೆಳು ಕಪ್ಪು ಗೆರೆಗಳು ಮೈಮೇಲೆ ಜೇಡರ ಬಲೆಯಂತೆ ಹರಡಿ ನೋಡಲು ಬಲು ಚೆಂದ. ಇದಕ್ಕೆ ಎರಡು ಕಡೆಯ ಗುಟ್ಟೂ ಬೇಕಿಲ್ಲ, ಒಂದೇ ಸಾಕು. ಅರ್ಧದಷ್ಟು ಮರಿಗಳು ಅದೇ ಚೆಂದ ಹೊತ್ತು ಹುಟ್ಟುತ್ತವೆ. ಆದರೆ ಆ ವಂಶದ ಹಾವುಗಳಿಗೆ ತಲೆ ನಿಲ್ಲುವುದಿಲ್ಲ. ಕೆಲವಕ್ಕೆ ಸ್ವಲ್ಪ ಅಲುಗಾಟ. ಕೆಲವಕ್ಕೆ ಕತ್ತು ತಿರುಚಿ ತಲೆಕೆಳಗಾಗುತ್ತದೆ, ಇಲಿಯ ಮೇಲೆ ಎರಗಿದರೆ ಗುರಿ ಬೇರೆಲ್ಲೋ ಬೀಳುತ್ತದೆ. ಬಣ್ಣ ಬಿಡಿಸಿ ಅಲುಗಾಟ ಮಾತ್ರ ತೆಗೆಯಲು ಎಷ್ಟು ತಲೆಮಾರು ಬೆರೆಸಿದರೂ ಆಗಲಿಲ್ಲ. ಎರಡೂ ಒಟ್ಟಿಗೇ ಬರುತ್ತವೆ.

ತಿನ್ನುತ್ತದೆ, ಮೊಟ್ಟೆಯಿಡುತ್ತದೆ, ಬಹಳ ಕಾಲ ಬದುಕುತ್ತದೆ, ಇನ್ನೇನು ಕಷ್ಟ ಎಂಬುದು ಸಾಕುವವರ ವಾದ. ತಿನ್ನುವುದನ್ನೂ ಹಡೆಯುವುದನ್ನೂ ನೋಡಿ ಸುಖವಾಗಿದ್ದಾಳೆ ಎಂದು ತೀರ್ಮಾನಿಸುವುದು ಹೆಂಗಸರಾದ ನಮಗೆ ಹೊಸದಲ್ಲ. 2022ರಲ್ಲಿ ಜರ್ಮನಿಯ ವಿಜ್ಞಾನಿಗಳು ಸ್ಪೈಡರ್ ಹಾವುಗಳ ತಲೆಯನ್ನು ಸೂಕ್ಷ್ಮ ಸ್ಕ್ಯಾನ್ ಮಾಡಿ ನೋಡಿದರು. ಮೈಯ ಸಮತೋಲ ಕಾಯುವ ಒಳಗಿವಿಯ ನಾಳಗಳು, ಚೀಲ ವಿಕಾರವಾಗಿದ್ದವು. ಯಾವುದು ಮೇಲೆ, ಯಾವುದು ಕೆಳಗೆ ಎಂಬುದೇ ಅದಕ್ಕೆ ಸರಿಯಾಗಿ ಗೊತ್ತಾಗದು.

ನಮ್ಮ ದೇಶದ ಹೆಬ್ಬಾವನ್ನು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯ ನಿಷೇಧವಿದೆ. ಕಾಯ್ದೆಗೆ ತಂದ 2022ರ ತಿದ್ದುಪಡಿಯ ಪ್ರಕಾರ ಇಂಥ ವಿದೇಶಿ ಹಾವುಗಳಿಗೂ ನೋಂದಣಿ ಬೇಕು. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪೆಟಾಲಜಿಕಲ್ ಸೊಸೈಟಿ 2018ರಲ್ಲಿ ತನ್ನ ಮೇಳಗಳಲ್ಲಿ ಸ್ಪೈಡರ್ ಮಾರುವುದನ್ನು ನಿಲ್ಲಿಸಿತು. ಮೇಳದ ಹೊರಗೆ, ಸಮುದ್ರದ ಆಚೆ, ಸ್ಪೈಡರ್ ಬೆರೆತ ಮರಿಗಳು ಇವತ್ತಿಗೂ ಹೊಸ ಹೊಸ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಕೆಲವು ಮರಿಗಳಲ್ಲಿ ಅಲುಗಾಟ ಅಷ್ಟಾಗಿ ಕಾಣುವುದಿಲ್ಲ. ಮನೆಗೆ ತಂದ ಮೇಲೆ ಇಲಿ ಹಾಕಿದ ದಿನ ಗೊತ್ತಾಗುತ್ತದೆ.