ಮತ್ತೆ ಮತ್ತೆ ಎದ್ದು ಬರುವ ಖಳರು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಕ್ಷಗಾನದ ಆಟದ ಕರಪತ್ರ ಕೈಗೆ ಬಂದರೆ ಜನ ಮೊದಲು ಕೇಳುವುದು ಕೃಷ್ಣ ಯಾರದ್ದು, ಧರ್ಮರಾಯ ಯಾರದ್ದು ಎಂದಲ್ಲ. ಕೀಚಕ ಯಾರದ್ದು? ಭಸ್ಮಾಸುರ ಯಾರದ್ದು? ಕಥೆ ಎಲ್ಲರಿಗೂ ಗೊತ್ತು. ಬೆಳಗಾಗುವುದರೊಳಗೆ ಅವನು ಸಾಯುತ್ತಾನೆ ಎಂಬುದೂ ಗೊತ್ತು. ಆದರೂ ವಾರ ಕಳೆದು ಪಕ್ಕದೂರಿನ ಗದ್ದೆಬಯಲಿನಲ್ಲಿ ಅವನೇ ಎದ್ದು ಬಂದರೆ ಅದೇ ಜನ ಮತ್ತೆ ಹೋಗಿ ಕೂರುತ್ತಾರೆ. ಈ ಮೂರು ತಾಲೂಕಿನ ಯಕ್ಷಗಾನದ ಕಥೆಯನ್ನು ನಾಯಕರ ಕಡೆಯಿಂದ ಹೇಳಹೊರಟರೆ ಅಂಥ ತಿರುವುಗಳೇನೂ ಸಿಗುವುದಿಲ್ಲ. ರಾಮ ಹೆಚ್ಚುಕಡಿಮೆ ಇದ್ದಂತೆಯೇ ಇದ್ದಾನೆ. ಮುಖ, ಮಾತು, ನಡೆ ಎಲ್ಲವನ್ನೂ ಬದಲಿಸಿಕೊಂಡು ಬಂದವನು ಖಳ. ಆದ್ದರಿಂದ ಅವನ ಬೆನ್ನು ಹಿಡಿದು ಹೋಗುವುದೇ ಸರಿಯಾದ ದಾರಿ ಎಂದು ನನಗೆ ಅನಿಸುತ್ತದೆ.

ಮೊದಲು ಅವನು ಬಣ್ಣದ ವೇಷವಾಗಿದ್ದ. ಬಣ್ಣ ಹಚ್ಚುವ ಚೌಕಿಯಲ್ಲಿ ಉಳಿದವರು ಇನ್ನೂ ಹರಟುತ್ತಿರುವಾಗಲೇ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕೂರಬೇಕಿತ್ತು. ಕೆಂಪು, ಕಪ್ಪು ಬಣ್ಣ ಹಚ್ಚಿದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವಾದ ಮುದ್ದೆಯಿಂದ ಕಡ್ಡಿಯ ತುದಿಯಲ್ಲಿ ಒಂದೊಂದೇ ಚಿಟ್ಟಿ ಇಡುತ್ತ ಹೋಗುವುದು. ಹಿಟ್ಟು ನೀರಾದರೆ ಚಿಟ್ಟಿ ನಿಲ್ಲುವುದಿಲ್ಲ, ಗಟ್ಟಿಯಾದರೆ ಒಣಗಿ ಉದುರುತ್ತದೆ. ಹುಬ್ಬಿನ ಮೇಲೆ, ಕೆನ್ನೆಯ ಸುತ್ತ ಮುಳ್ಳಿನ ಸಾಲು ಏಳುವ ಹೊತ್ತಿಗೆ ಮನುಷ್ಯನ ಮುಖ ಅಡಗಿಹೋಗುತ್ತಿತ್ತು. ಗಂಟೆಗಟ್ಟಲೆಯ ಈ ಕೆಲಸ ಮುಗಿದು ಅವನು ರಂಗಸ್ಥಳಕ್ಕೆ ಬರುವಾಗ ನಡುರಾತ್ರಿ ದಾಟಿರುತ್ತಿತ್ತು. ತೆರೆಯ ಹಿಂದಿನಿಂದ ಮೊದಲು ಬೊಬ್ಬೆ, ಆಮೇಲೆ ಕಿರೀಟದ ತುದಿ, ಬೆರಳು, ಒಂದು ಕಣ್ಣು. ದೊಂದಿಯ ಮೇಲೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಎದ್ದ ಬೆಂಕಿಯಲ್ಲಿ ಪೂರ್ತಿ ಮುಖ ಕಾಣುವಷ್ಟರಲ್ಲಿ ಮಕ್ಕಳು ತಾಯಂದಿರ ಸೆರಗಿನೊಳಗೆ ಸೇರಿರುತ್ತಿದ್ದರು. ಆ ರಾಕ್ಷಸ ಬೇರೆ ಲೋಕದವನು. ನಮ್ಮ ಭಾಷೆ ಅವನಿಗೆ ಬಂದರೂ ಅವನ ದನಿ ನಮ್ಮದಲ್ಲ.

ಈ ರಾಕ್ಷಸನನ್ನು ಕರೆದುಕೊಂಡು ಹೊನ್ನಾವರದ ಕಡೆಯ ಮೇಳಗಳು ಘಟ್ಟ ಹತ್ತಿ ಬಂದು ಅಡಿಕೆ ಸೀಮೆಯಲ್ಲಿ ಆಡುವುದು ಹಳೆಯ ರೂಢಿ. ಅವು ಇನ್ನೂ ದೂರ ಹೋದದ್ದುಂಟು. ಉತ್ತರ ಕನ್ನಡದ ಭಾಗವತ ಮೇಳವೊಂದು 1842ರಲ್ಲಿ ಸಾಂಗ್ಲಿಯಲ್ಲಿ ಆಟ ಆಡಿತು. ಅದನ್ನು ಕಂಡ ಸಾಂಗ್ಲಿಯ ದೊರೆಯ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ಅಲ್ಲಿಂದ ಲೆಕ್ಕಕ್ಕೆ ಬರುತ್ತದೆ. ಭಾವೆಯವರ ನಾಟಕಗಳಲ್ಲಿ ರಾಕ್ಷಸರ ಆರ್ಭಟಕ್ಕೆ ದೊಡ್ಡ ಜಾಗ ಇತ್ತು. ಘಟ್ಟದ ಕೆಳಗಿನ ರಾಕ್ಷಸ ಹೀಗೆ ಇನ್ನೊಂದು ಭಾಷೆಯ ನಾಟಕಕ್ಕೂ ಹೆಜ್ಜೆ ಇಟ್ಟ ಎಂಬುದು ನಮ್ಮವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ದೊಡ್ಡ ಪಲ್ಲಟ ಆದದ್ದು ಇಪ್ಪತ್ತನೇ ಶತಮಾನದಲ್ಲಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ‘ಗದಾಯುದ್ಧ’ದಲ್ಲಿ ಅವರ ಕೌರವ ಹೆಸರಾಯಿತು: ತಮ್ಮಂದಿರೆಲ್ಲ ಸತ್ತು, ವೈಶಂಪಾಯನ ಸರೋವರದ ದಾರಿ ಹಿಡಿದ ಒಬ್ಬಂಟಿ ಅರಸ. ಇವನನ್ನು ನೋಡಿ ಯಾರೂ ಹೆದರಲಿಲ್ಲ, ಮರುಗಿದರು. ಉತ್ತರ ಕನ್ನಡದ ಮಟ್ಟಿನಲ್ಲಿ ಚಿಟ್ಟಿಯ ಬಣ್ಣ ಮೆಲ್ಲಗೆ ಹಿಂದೆ ಸರಿದು, ಖಳನ ಮುಖದ ಸ್ನಾಯುಗಳಿಗೇ ಕೆಲಸ ಬಂತು. ಕೆರೆಮನೆ ಮಹಾಬಲ ಹೆಗಡೆಯವರ ದುಷ್ಟಬುದ್ಧಿಯಲ್ಲಿ ಇದು ಇನ್ನೂ ಆಳಕ್ಕೆ ಇಳಿಯಿತು. ದುಷ್ಟಬುದ್ಧಿಗೆ ವರವಿಲ್ಲ, ಮಾಯೆಯಿಲ್ಲ, ಹತ್ತು ತಲೆಯಿಲ್ಲ. ಅವನು ಕುಂತಳದ ಮಂತ್ರಿ, ಅಷ್ಟೇ. ಚಂದ್ರಹಾಸನನ್ನು ಕೊಲ್ಲಿಸಲು ಹೂಡಿದ ಸಂಚಿಗೆ ತನ್ನ ಮಗ ಮದನನೇ ಬಲಿಯಾದದ್ದನ್ನು ಕಂಡು ಕುಸಿಯುವ ಅಪ್ಪ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಎಲ್ಲರೂ ಬಲ್ಲ ಈ ಕಥೆಯಲ್ಲಿ ನಾಯಕ ಚಂದ್ರಹಾಸನೇ. ಆದರೆ ಆಟ ಮುಗಿದ ಮೇಲೆ ಮನೆಯವರೆಗೆ ಜೊತೆಗೆ ನಡೆದುಬರುವವನು ದುಷ್ಟಬುದ್ಧಿ.

ಮನುಷ್ಯಮುಖದ ಈ ಖಳನ ಕಥೆಯಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933–2017) ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಭಸ್ಮಾಸುರನಾಗಿ ಅವರು ಬಂದಾಗ ಮೊದಲ ಅರ್ಧದಲ್ಲಿ ವರ ಪಡೆದವನ ಸೊಕ್ಕು ಮೈತುಂಬ ಕುಣಿಯುತ್ತಿತ್ತು. ಮೋಹಿನಿ ಕಣ್ಣಿಗೆ ಬಿದ್ದ ಕ್ಷಣದಿಂದ ಅದೇ ಮೈ ಸಡಿಲಾಗುತ್ತಿತ್ತು. ಅವಳು ಇಟ್ಟ ಹೆಜ್ಜೆಯನ್ನು ತಾನೂ ಇಡಲು ಹವಣಿಸುವುದು, ತಪ್ಪಿದಾಗ ನಾಚುವುದು, ಸರಿಬಂದಾಗ ಹಿಗ್ಗುವುದು. ಕೊನೆಗೆ ಅವಳ ಕೈಯ ಜೊತೆ ತನ್ನ ಕೈಯೂ ತಲೆಯ ಕಡೆ ಏರುವಾಗ, ಬೇಡ, ಬೇಡ ಎಂದು ಒಳಗೊಳಗೇ ಕೂಗುವಂತಾಗುತ್ತಿತ್ತು. ಲೋಕಕಂಟಕನೊಬ್ಬ ಬದುಕಲಿ ಎಂದು ಸಭೆ ಬಯಸುವಂತೆ ಮಾಡುವುದು ಸಣ್ಣ ವಿದ್ಯೆಯಲ್ಲ. ಅವರ ಕೀಚಕನಲ್ಲಿಯೂ ಕಾಮ ಮೊದಲು ಹಟದಂತೆ, ಆಮೇಲೆ ರೋಗದಂತೆ ಬೆಳೆಯುತ್ತಿತ್ತು. ಕೆಲವರು ಇದನ್ನು ಶೃಂಗಾರದ ಅತಿ ಎಂದು ದೂರಿದ್ದೂ ಉಂಟು. ಆ ದೂರನ್ನು ನಾನು ಒಪ್ಪುವುದಿಲ್ಲ. ಅಷ್ಟು ಹತ್ತಿರದಿಂದ ತೋರಿಸಿದ್ದರಿಂದಲೇ ಕೀಚಕನ ಅಪಾಯ ತಿಳಿಯಿತು. 2012ರಲ್ಲಿ ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ತಂದುಕೊಟ್ಟವರು ಬಹುಪಾಲು ಖಳಪಾತ್ರಗಳಿಂದಲೇ ಮನೆಮಾತಾದ ಈ ಕಲಾವಿದರು.

ಖಳ ಹೀಗೆ ಬದಲಾಗುತ್ತ ಬಂದದ್ದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಇಂಗ್ಲೆಂಡಿನಲ್ಲಿದೆ. ಬಿಬಿಸಿಯ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಕಥೆಯ ಧಾರಾವಾಹಿ ಶುರುವಾದದ್ದು 1963ರ ನವೆಂಬರಿನಲ್ಲಿ. ಮರುತಿಂಗಳೇ ಅದರಲ್ಲಿ ಡಾಲೆಕ್ ಎಂಬ ಅನ್ಯಲೋಕದ ವೈರಿಗಳು ಬಂದರು. ಟೆರ್ರಿ ನೇಷನ್ ಬರೆದು, ರೇಮಂಡ್ ಕ್ಯುಸಿಕ್ ರೂಪ ಕೊಟ್ಟ, ಲೋಹದ ಚಿಪ್ಪಿನೊಳಗೆ ಕೂತು ಒಂದೇ ಕರ್ಕಶ ದನಿಯಲ್ಲಿ ಆಜ್ಞೆ ಮಾಡುವ ಜೀವಿಗಳು. ನಾಜಿಗಳ ದ್ವೇಷ ಅವುಗಳ ಹಿಂದೆ ಇತ್ತು. ಸೋತು ನಾಶವಾದರೂ ದಶಕಗಳಿಂದ ಮತ್ತೆ ಮತ್ತೆ ಬರುತ್ತಲೇ ಇವೆ, ರೂಪ ಮಾತ್ರ ಅಷ್ಟಾಗಿ ಬದಲಾಗಿಲ್ಲ. ಅಲ್ಲಿ ಬದಲಾಗುವವನು ನಾಯಕ: 1966ರಿಂದ ಡಾಕ್ಟರ್ ಹೊಸ ಹೊಸ ನಟರ ಮುಖ ತೊಟ್ಟು ಮರುಹುಟ್ಟು ಪಡೆಯುತ್ತಾನೆ. ನಮ್ಮಲ್ಲಿ ನಾಯಕ ನಿಂತಲ್ಲೇ ನಿಂತು ಖಳ ಮರುಹುಟ್ಟು ಪಡೆದ. ಧರ್ಮದ ಗೆಲುವನ್ನು ಕಥೆಯೇ ಮೊದಲೇ ತೀರ್ಮಾನಿಸಿಬಿಟ್ಟಾಗ ಕಲಾವಿದನಿಗೆ ಉಳಿದ ಸ್ವಾತಂತ್ರ್ಯವೆಲ್ಲ ಸೋಲುವವನ ಪಾಲಿನದು. ಕಾರಣ ಅದೇ ಇರಬೇಕು.

ಆ ಸ್ವಾತಂತ್ರ್ಯ ಅತಿ ಹೆಚ್ಚು ಕಾಣುವುದು ತಾಳಮದ್ದಳೆಯಲ್ಲಿ. ಮಳೆಗಾಲದಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮೂರೂ ತಾಲೂಕಿನ ದೇವಸ್ಥಾನಗಳ ಚಂದ್ರಶಾಲೆಯಲ್ಲಿ, ಮನೆಗಳ ಜಗುಲಿಯಲ್ಲಿ ಕೂಟ ನಡೆಯುತ್ತದೆ. ಬಣ್ಣವಿಲ್ಲ, ಕಿರೀಟವಿಲ್ಲ. ಪಂಚೆ, ಶಲ್ಯ ಹೊದ್ದ ರಾವಣ ಚಾಪೆಯ ಮೇಲೆ ಕೂತು ಬಾಯಿ ತೆರೆದರೆ ಸಾಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣ, ಮಾಗಧರಿಗೆ ಕೊಟ್ಟ ವಾದದ ಬಲ ಇಲ್ಲಿಯೂ ಹಬ್ಬಿತು. ಶಿರಸಿ ಕಡೆಯ ಉಮಾಕಾಂತ ಭಟ್ಟ ಕೆರೇಕೈ, ಯಲ್ಲಾಪುರ ಕಡೆಯ ಗಣಪತಿ ಭಟ್ಟ ಸಂಕದಗುಂಡಿ ಮುಂತಾದವರು ಶಾಸ್ತ್ರದ ಹುರುಳನ್ನು ಖಳರ ಬಾಯಿಗೂ ತಂದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವಾಗ ರಾಮನ ಅರ್ಥಧಾರಿ ಬೆವರುವುದು ಇಲ್ಲಿನ ರಸಿಕರಿಗೆ ಪರಮ ಸುಖದ ಗಳಿಗೆ. ಆ ಪ್ರಶ್ನೆಗೆ ಪ್ರತಿ ಕೂಟದಲ್ಲೂ ಹೊಸ ಉತ್ತರ ಬೇಕು; ಹಳೆಯದು ನಡೆಯುವುದಿಲ್ಲ.

ಯಕ್ಷಗಾನದ ಆಚೆಗೂ ಈ ಸೀಮೆಯಲ್ಲಿ ಒಬ್ಬ ಖಳ ಇದ್ದಾನೆ. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ, ಅಂದರೆ ಎರಡು ವರ್ಷಕ್ಕೊಮ್ಮೆ, ಹೋಳಿಯ ರಾತ್ರಿಗಳಲ್ಲಿ ಶಿರಸಿಯ ಬೀದಿಗೆ ಬೇಡರ ವೇಷ ಇಳಿಯುತ್ತದೆ. ಬೆನ್ನಿಗೆ ನವಿಲುಗರಿಯ ಭಾರ, ಕೈಯಲ್ಲಿ ಕತ್ತಿ, ಗುರಾಣಿ, ದೊಡ್ಡ ಮೀಸೆ. ತಮಟೆಯ ಏಟಿಗೆ ಮುನ್ನುಗ್ಗುವವನನ್ನು ಹಿಂದಿನಿಂದ ಹಗ್ಗ ಹಿಡಿದು ಜಗ್ಗಬೇಕು. ಸೋದೆಯ ಅರಸರು ಪೇಟೆಯ ಕಾವಲಿಗೆ ನೇಮಿಸಿದ ಬೇಡ ಮಲ್ಲೇಶಿ ಕಾವಲು ಬಿಟ್ಟು ಜನರನ್ನೇ ಹಿಂಸಿಸತೊಡಗಿದ, ರುದ್ರಾಂಬಿಕೆ ಎಂಬ ಹೆಣ್ಣು ಅವನ ಅಂತ್ಯಕ್ಕೆ ಕಾರಣಳಾಗಿ ತಾನೂ ಪ್ರಾಣ ಬಿಟ್ಟಳು ಎಂಬುದು ಜನ ಹೇಳುವ ಕಥೆ. ನೆನೆಯುವುದು ಅವಳನ್ನು, ಆದರೆ ಕುಣಿಯುವುದು ಅವನಾಗಿ. ಪುರಾಣದ ರಾಕ್ಷಸ ಹೊರಗಿನಿಂದ ಬಂದವನು. ಈ ಬೇಡ ಕಾಯಲು ಇಟ್ಟವನು. ಹಾಗಾಗಿ ನನಗೆ ಎಲ್ಲರಿಗಿಂತ ಭಯ ಹುಟ್ಟಿಸುವವನು ಇವನೇ.

ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಹೊರಗಿನ ಖಳ, ಒಳಗಿನ ಖಳ ಎಂಬ ಈ ಲೆಕ್ಕಾಚಾರ ಇನ್ನೊಂದು ಬಗೆಯಲ್ಲಿ ಮಗುಚಿತು. ಆಫ್ರಿಕಾ ಮೂಲದ ಸಿದ್ದಿಗಳನ್ನೇ ಕಟ್ಟಿಕೊಂಡು ಚಿದಂಬರರಾವ್ ಜಂಬೆಯವರು ಚಿನುವ ಅಚಿಬೆಯ ಕಾದಂಬರಿ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದರು. ಅದರಲ್ಲಿ ಕಪ್ಪು ಬಣ್ಣ ಖಳನ ಗುರುತಲ್ಲ. ಊರು ಮುರಿಯಲು ದೂರದಿಂದ ಬರುವವರು ಬಿಳಿಯರು. ರಾಕ್ಷಸನಿಗೆ ಕಪ್ಪು ಬಳಿಯುವ ನಮ್ಮ ರೂಢಿಯನ್ನು ಆ ನಾಟಕದ ಬೆಳಕಿನಲ್ಲಿ ಇಟ್ಟು ನೋಡುವುದು ಇಂದಿಗೂ ಅಗತ್ಯ.

ಯಕ್ಷಗಾನಕ್ಕೆ ಮರಳಿದರೆ, ಡೇರೆ ಮೇಳಗಳ ಕಾಲದ ಹೊಸ ಪ್ರಸಂಗಗಳಲ್ಲಿ ಖಳ ಸಿನಿಮಾದವನ ಹಾಗಾದ; ಅಂಥ ಖಳರಲ್ಲಿ ನೆನಪಿನಲ್ಲಿ ಉಳಿದವರು ಕಡಿಮೆ. ಈಚಿನ ಮೂರು ತಾಸಿನ ಕಾಲಮಿತಿಯ ಆಟದಲ್ಲಿ ಮೊದಲು ಕತ್ತರಿ ಬಿದ್ದದ್ದು ರಾಕ್ಷಸನ ಒಡ್ಡೋಲಗಕ್ಕೆ, ಅಂದರೆ ತೆರೆಯ ಹಿಂದಿನಿಂದ ಬರುವ ಆ ಪ್ರವೇಶಕ್ಕೆ. ಚಿಟ್ಟಿ ಇಡಲು ತಗಲುವ ಹೊತ್ತಿಗಿಂತ ಆಟವೇ ಚಿಕ್ಕದಾದಾಗ ಬಣ್ಣದ ವೇಷ ಉಳಿಯುವುದು ಹೇಗೆ? ಮನುಷ್ಯಮುಖದ ಖಳನಿಂದ ನಾವು ಪಡೆದದ್ದು ಅಪಾರ, ನಿಜ. ಆದರೆ ಎಲ್ಲ ಕೇಡಿಗೂ ಒಳಗಿನ ಕಾರಣ ಹುಡುಕಿ ಮರುಗುವುದಷ್ಟೇ ರಂಗದ ಕೆಲಸವಲ್ಲ. ಮೈ ನಡುಗಿಸುವ, ಅರ್ಥವಾಗದ ಕೇಡೂ ಒಂದಿದೆ. ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ರೂಪ ಬಣ್ಣದ ವೇಷ. ಅದನ್ನು ಕಲಿಸಿಯೇ ಉಳಿಸಬೇಕು. ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು ಊರೂರು ತಿರುಗಿ ಯಕ್ಷಗಾನ ಕಲಿಸಿದರು, ಶಿವಮೊಗ್ಗದ ಅಂಧ ಕಲಾವಿದರಿಗೂ ಹೆಜ್ಜೆ ಹೇಳಿಕೊಟ್ಟರು. ಅವರು 2020ರಲ್ಲಿ ತೀರಿಕೊಂಡರೂ ತರಬೇತಿಯ ಆ ಹುಮ್ಮಸ್ಸು ಇಲ್ಲಿ ಇಂಗಿಲ್ಲ. ಅದರೊಳಗೆ ಚಿಟ್ಟಿಯ ಪಾಠವೂ ಸೇರಬೇಕು, ವರ್ಷಕ್ಕೆ ಒಂದಾದರೂ ಆಟ ರಾತ್ರಿಯಿಡೀ ನಡೆಯಬೇಕು ಎಂಬುದು ನನ್ನ ಒತ್ತಾಯ.

ಹೊಸ ಸಂಗತಿಯೊಂದು ಈಗಾಗಲೇ ನಡೆದಿದೆ. ಹೆಣ್ಣುಮಕ್ಕಳ ತಂಡಗಳು ಮೂರೂ ತಾಲೂಕಿನಲ್ಲಿ ಗೆಜ್ಜೆ ಕಟ್ಟುತ್ತಿವೆ. ಅವರು ಸೈರಂಧ್ರಿ, ಮೋಹಿನಿಯರಿಗೆ ನಿಲ್ಲದೆ ಕೀಚಕ, ಭಸ್ಮಾಸುರರನ್ನೂ ಎತ್ತಿಕೊಂಡಿದ್ದಾರೆ. ಹೆಣ್ಣಿನ ವೇಷವನ್ನು ಗಂಡಸರೇ ಮಾಡುತ್ತ ಬಂದ ರಂಗದಲ್ಲಿ ಈಗ ಸೈರಂಧ್ರಿಯನ್ನು ಕಾಡುವ ಕೀಚಕನ ನೋಟ ಎಂಥದ್ದು ಎಂದು ಅದನ್ನು ಎದುರಿಸಿ ಗೊತ್ತಿರುವವರೇ ಕುಣಿದು ತೋರಿಸುತ್ತಿದ್ದಾರೆ. ಚಿಟ್ಟಾಣಿಯವರ ನಡೆಯನ್ನು ಅವರು ಹಾಗೆಯೇ ನಕಲು ಮಾಡಬೇಕಾಗಿಲ್ಲ. ಆ ನೋಟಕ್ಕೆ ಅವರದೇ ಹೆಜ್ಜೆ, ಅವರದೇ ಮಾತು ಬರಬೇಕು. ಅದಕ್ಕೆ ಬೇಕಾದ ಪ್ರಸಂಗ ಬರೆಯುವವರೂ ಅವರ ನಡುವಿನಿಂದಲೇ ಏಳಬೇಕು.