ಬೀಗದಕೈ ಯಾರ ಹತ್ತಿರ ಇತ್ತು?

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ ನಮ್ಮ ಬ್ಯಾಚಿನವರಿಗೆ ಅಂತ ಒಂದು ಪುಟ್ಟ ಚರ್ಚಾತಾಣ ಮಾಡಿದ್ದೆವು. ಹೆಸರು ಕಾಣಿಸದ ಹಾಗೆ ಬರೆಯುವ ಸೌಲಭ್ಯವೂ ಇತ್ತು. ಅಡ್ಮಿನ್ ನಾನೇ. (ಸರ್ವರಿಗೆ ದುಡ್ಡು ಕಟ್ಟಿದವನು ನಾನು ಅನ್ನೋದೊಂದೇ ಅರ್ಹತೆ :) ) ಒಂದು ದಿನ ಯಾರೋ ನನ್ನ ಮೇಲೆಯೇ ನಾಲ್ಕು ಸಾಲು ವ್ಯಂಗ್ಯ ಬರೆದರು. ರಾತ್ರಿ ಡೇಟಾಬೇಸ್ ತೆರೆದು ಒಂದೇ ಸಾಲಿನ ಕ್ವೆರಿ ಹಾಕಿದೆ. ಹೆಸರು ಬಂತು. ಪಕ್ಕದ ರೂಮಿನವನು!

ಅವನಿಗೆ ನಾನೇನೂ ಹೇಳಲಿಲ್ಲ. ಆದರೆ ಆಮೇಲೆ ಅವನ ಜೊತೆ ಮೊದಲಿನ ಹಾಗೆ ಕೂತು ಟೀ ಕುಡಿಯೋದಕ್ಕೆ ಆಗಲಿಲ್ಲ. ನಾನು ನೋಡಿದೆ ಅನ್ನೋದಕ್ಕೆ ಎಲ್ಲೂ ದಾಖಲೆ ಇಲ್ಲ. ನೋಡಬಲ್ಲೆ ಅಂತ ನಾವು ಯಾರಿಗೂ ಹೇಳಿರಲೂ ಇಲ್ಲ.

ಮೊನ್ನೆ ಫಿನ್ಲೆಂಡಿನ 'ಪೆನೆಟ್' ಕಥೆ ಓದುತ್ತಿದ್ದಾಗ ಇದೆಲ್ಲ ನೆನಪಾಯಿತು. ನಮ್ಮಲ್ಲಿ ಅನೇಕರು ಹುಟ್ಟುವ ಮೊದಲಿನ ಕಥೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತೊಂಬತ್ತರ ದಶಕದ ಆರಂಭದಲ್ಲಿ ಅಂತರ್ಜಾಲದ ಮಾತುಕತೆಯೆಲ್ಲ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಯೂಸ್‌ನೆಟ್‌ನಲ್ಲಿ. ಅಲ್ಲಿ ಏನು ಬರೆದರೂ ಜೊತೆಗೆ ನಿಮ್ಮ ಈ-ಮೈಲ್ ವಿಳಾಸ ಹೋಗುತ್ತಿತ್ತು. ಆ ವಿಳಾಸ ಆಗ ಹೆಚ್ಚಾಗಿ ಕಾಲೇಜಿನದು, ಇಲ್ಲವೇ ಆಫೀಸಿನದು. ಅಂದರೆ ನೀವು ಯಾರು, ಎಲ್ಲಿ ಕೆಲಸ ಮಾಡುತ್ತೀರಿ ಅನ್ನೋದು ಜಗಜ್ಜಾಹೀರು. ಎಲ್ಲರೂ ನಿಜ ಹೆಸರಿನಲ್ಲೇ ಬರೆಯಬೇಕು ಅಂತ ಫಿನ್ಲೆಂಡಿನಲ್ಲಿ ಒಂದು ವಾದ ಎದ್ದಿತು. ಯೋಹಾನ್ ಹೆಲ್ಸಿಂಗಿಯಸ್ (ಎಲ್ಲರೂ ಕರೆಯುತ್ತಿದ್ದದ್ದು 'ಯುಲ್ಫ್' ಅಂತ) ಅನ್ನುವವರು, ಅದನ್ನು ಕಡ್ಡಾಯ ಮಾಡಲು ತಾಂತ್ರಿಕವಾಗಿ ಸಾಧ್ಯವೇ ಇಲ್ಲ ಅಂತ ವಾದಿಸಿದರು. ವಾದಿಸಿ ಸುಮ್ಮನಾಗಲಿಲ್ಲ, 1993ರಲ್ಲಿ ಆನಾನ್.ಪೆನೆಟ್.ಫಿ ಅನ್ನುವ ಸರ್ವರ್ ಮಾಡಿಯೇ ತೋರಿಸಿದರು. ನಮ್ಮ ಜಾತಿಯ ಜನರ ಬುದ್ಧಿಯೇ ಹೀಗೆ: ಜಗಳ ಗೆಲ್ಲೋಕೆ ಕೋಡ್ ಬರೆಯೋದು!

ಅದು ಕೆಲಸ ಮಾಡುತ್ತಿದ್ದದ್ದು ಸರಳವಾಗಿ. ನೀವು ಪೆನೆಟ್‌ಗೆ ಮೈಲ್ ಕಳಿಸುತ್ತೀರಿ. ಅದು ನಿಮ್ಮ ವಿಳಾಸ ಕಿತ್ತುಹಾಕಿ, 'ಎಎನ್' ಅಕ್ಷರಗಳ ಮುಂದೆ ಒಂದು ಸಂಖ್ಯೆ ಸೇರಿಸಿ ಹೊಸ ಹೆಸರು ಕೊಟ್ಟು, ಮೈಲನ್ನು ಮುಂದಕ್ಕೆ ರವಾನಿಸುತ್ತದೆ. ಯಾರಾದರೂ ಆ ಸಂಖ್ಯೆಗೆ ಉತ್ತರ ಬರೆದರೆ ಅದು ಪೆನೆಟ್ ಮೂಲಕ ನಿಮ್ಮ ನಿಜವಾದ ಮೈಲ್‌ಗೆ ಬಂದು ಬೀಳುತ್ತದೆ. ತಮಾಷೆ ಅಂದರೆ, ಉತ್ತರ ಬರೆದವರಿಗೂ ತಾನಾಗಿಯೇ ಒಂದು ಸಂಖ್ಯೆ ಸಿಗುತ್ತಿತ್ತು, ಬೇಕೋ ಬೇಡವೋ ಕೇಳುತ್ತಿರಲಿಲ್ಲ. ಬಾಲ್ಯದಲ್ಲಿ ದೌರ್ಜನ್ಯಕ್ಕೆ ಒಳಗಾದವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಗುಂಪುಗಳಲ್ಲಿ ಇದು ದೊಡ್ಡ ಆಸರೆಯಾಯಿತು. ಕೆಲವೇ ವರ್ಷಗಳಲ್ಲಿ ಬಳಸುವವರ ಸಂಖ್ಯೆ 5 ಲಕ್ಷ ದಾಟಿತು.

ಆದರೆ ಉತ್ತರ ವಾಪಸ್ ಬರಬೇಕು ಅಂದರೆ ಯಾವ ಸಂಖ್ಯೆ ಯಾರದ್ದು ಅಂತ ಎಲ್ಲೋ ಬರೆದಿಟ್ಟಿರಲೇಬೇಕಲ್ಲ? ಬರೆದಿಟ್ಟಿತ್ತು. ಒಂದೇ ಪಟ್ಟಿ, ಒಂದೇ ಯಂತ್ರ, ಒಬ್ಬನೇ ಮನುಷ್ಯ. ಅಷ್ಟು ಲಕ್ಷ ಜನರ ಗುಟ್ಟಿಗೆ ಬೀಗ ಹಾಕಿ ಕೀಲಿಯನ್ನು ಒಬ್ಬರ ಜೇಬಿನಲ್ಲಿ ಇಟ್ಟ ಹಾಗೆ. ಯುಲ್ಫ್ ಇದನ್ನು ಮುಚ್ಚಿಟ್ಟಿರಲಿಲ್ಲ, ಗೊತ್ತಿದ್ದವರಿಗೆ ಗೊತ್ತಿತ್ತು. ಗೊತ್ತಿಲ್ಲದವರು "ಅನಾಮಧೇಯ" ಅನ್ನುವ ಪದವನ್ನು ನಂಬಿದ್ದರು.

1995ರ ಫೆಬ್ರವರಿಯಲ್ಲಿ ಪೊಲೀಸರು ಬಂದರು. ಚರ್ಚ್ ಆಫ್ ಸೈಂಟಾಲಜಿ ಅನ್ನುವ ಸಂಸ್ಥೆ, ತನ್ನ ಕಂಪ್ಯೂಟರಿನಿಂದ ಕದ್ದ ಕಡತವೊಂದು ಪೆನೆಟ್ ಮೂಲಕ ಯೂಸ್‌ನೆಟ್‌ಗೆ ಹೋಗಿದೆ ಅಂತ ದೂರು ಕೊಟ್ಟಿತ್ತು. ಶೋಧನೆಯ ವಾರಂಟ್ ಇತ್ತು. ಯಂತ್ರವನ್ನೇ ಎತ್ತಿಕೊಂಡು ಹೋದರೆ ಅಷ್ಟೂ ಜನರ ಹೆಸರು ಪೊಲೀಸರ ಕೈಗೆ ಹೋಗುತ್ತದೆ. ಯುಲ್ಫ್ ಮಾತುಕತೆ ನಡೆಸಿ ಒಂದೇ ಒಂದು ವಿಳಾಸ ಕೊಟ್ಟು ಉಳಿದದ್ದನ್ನು ಉಳಿಸಿಕೊಂಡರು. ಮಾನ ಹೋಗೋದಕ್ಕಿಂತ ಬೆರಳು ಹೋದದ್ದೇ ವಾಸಿ ಅಂದ ಹಾಗೆ. ಆದರೆ ಆ ಬೆರಳು ಯುಲ್ಫ್‌ದಲ್ಲ, ನಂಬಿ ಬರೆದ ಇನ್ನೊಬ್ಬರದ್ದು. ಇಲ್ಲಿ ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಯಾರ ಒತ್ತಾಯವೂ ಇಲ್ಲದೆ, ಬರೀ ಕುತೂಹಲಕ್ಕೆ ಪಟ್ಟಿ ತೆರೆದವನು ನಾನು. ಅವರು ವಾರಂಟ್ ಎದುರಿಗಿದ್ದರೂ ಚೌಕಾಸಿ ಮಾಡಿದವರು. ಅವರು ಮಾಡಿದ ದೊಡ್ಡ ಉಪಕಾರ ಇನ್ನೊಂದಿದೆ: ಕೊಟ್ಟೆ ಅನ್ನೋದನ್ನು ಬಹಿರಂಗವಾಗಿ ಹೇಳಿದರು. ಹಾಗಾಗಿಯೇ ಈ ಕಥೆ ನಮಗೆ ಗೊತ್ತು.

1996ರ ಆಗಸ್ಟಿನಲ್ಲಿ ಅದೇ ಸಂಸ್ಥೆಯ ಇನ್ನೊಂದು ದೂರಿನ ಮೇಲೆ ಫಿನ್ಲೆಂಡಿನ ನ್ಯಾಯಾಲಯ ಬಳಕೆದಾರರ ಗುರುತು ಕೊಡಬೇಕೆಂದು ಆದೇಶಿಸಿತು. ಅದೇ ತಿಂಗಳು ಬ್ರಿಟನ್ನಿನ 'ಅಬ್ಸರ್ವರ್' ಪತ್ರಿಕೆ ಮಕ್ಕಳ ಅಶ್ಲೀಲ ಚಿತ್ರಗಳಿಗೆ ಪೆನೆಟ್ ದಾರಿ ಅಂತ ಆರೋಪಿಸಿತ್ತು. ಫಿನ್ಲೆಂಡಿನ ಪೊಲೀಸರು ಅದನ್ನು ಅಲ್ಲಗಳೆದರು, ಅದು ಬೇರೆ ಮಾತು. ಅಂಚೆಗೆ, ಫೋನಿಗೆ ಇದ್ದ ಗೋಪ್ಯತೆಯ ರಕ್ಷಣೆ ಈ-ಮೈಲ್‌ಗೂ ಇದೆಯಾ ಅನ್ನೋದೇ ಆಗ ಸ್ಪಷ್ಟವಿರಲಿಲ್ಲ. ಆಗಸ್ಟ್ 30ರಂದು ಯುಲ್ಫ್ ಸೇವೆ ನಿಲ್ಲಿಸುತ್ತಿದ್ದೇನೆ ಅಂತ ಪ್ರಕಟಿಸಿದರು.

ಪಟ್ಟಿಯೇ ಇಲ್ಲದ ವ್ಯವಸ್ಥೆಯ ಯೋಚನೆ ಆಗಲೇ ಇತ್ತು. ಡೇವಿಡ್ ಚೌಮ್ 1981ರಲ್ಲೇ ಅದರ ಲೆಕ್ಕಾಚಾರ ಬರೆದಿದ್ದರು: ಸಂದೇಶ ಹಲವು ಯಂತ್ರ ದಾಟಿ ಹೋಗಲಿ, ಪ್ರತಿ ಯಂತ್ರಕ್ಕೂ ತನ್ನ ಹಿಂದಿನದ್ದು, ಮುಂದಿನದ್ದು ಮಾತ್ರ ಗೊತ್ತಿರಲಿ. ಆದರೆ ಅದನ್ನು ಬಳಸುವುದು ಕಷ್ಟ, ಪೆನೆಟ್ ಸುಲಭ. ಜನ ಸುಲಭವಾದದ್ದನ್ನೇ ಬಳಸಿದರು. ಇವತ್ತಿಗೂ ಅಷ್ಟೇ ಅಲ್ಲವೇ?

ಇನ್ನು ನಮಗೆ ಹತ್ತಿರದ ಉದಾಹರಣೆಗೆ ಬರೋಣ. ನಿಮ್ಮಲ್ಲಿ ಕೆಲವರು 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಬರೆದಿರುತ್ತೀರಿ. ಖಾತೆ ತೆರೆದು ಬರೆದರೆ ನಿಮ್ಮ ಐಪಿ ವಿಳಾಸ ಯಾರಿಗೂ ಕಾಣದು ಅಂದುಕೊಂಡಿರುತ್ತೀರಿ. ಸಾಮಾನ್ಯ ನಿರ್ವಾಹಕರಿಗೆ ಕಾಣುವುದಿಲ್ಲ, ನಿಜ. ಆದರೆ ಒಬ್ಬನೇ ನಾಲ್ಕು ಹೆಸರಿನಲ್ಲಿ ಬಂದು ಗಲಾಟೆ ಮಾಡುವುದನ್ನು ಹಿಡಿಯಲು 'ಚೆಕ್‌ಯೂಸರ್' ಅನ್ನುವ ಉಪಕರಣ ಇದೆ. ಮೊದಲು ಇಂಥದ್ದನ್ನು ನೋಡಲು ಸರ್ವರ್ ಒಳಗೆ ಕೈ ಹಾಕಬಲ್ಲ ಡೆವಲಪರ್‌ಗಳೇ ಬೇಕಿತ್ತು. ಈಗ ನಂಬಿಕೆ ಗಳಿಸಿದ ಕೆಲವೇ ಸದಸ್ಯರಿಗೆ ಈ ಅಧಿಕಾರ ಇದೆ. ಮಾಹಿತಿ ಉಳಿಯುವುದು ಸುಮಾರು ಮೂರು ತಿಂಗಳು.

ಪೆನೆಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಒಂದು ವಿಕಿಯಲ್ಲಿ ಚೆಕ್‌ಯೂಸರ್‌ಗಳು ಇದ್ದರೆ ಕನಿಷ್ಠ ಇಬ್ಬರು ಇರಬೇಕು, ಇಲ್ಲವಾದರೆ ಒಬ್ಬರೂ ಇರಬಾರದು. ಒಬ್ಬರ ಮೇಲೆ ಇನ್ನೊಬ್ಬರು ಕಣ್ಣಿಡಲಿ ಅಂತ. ಯಾರು, ಯಾರನ್ನು, ಯಾವಾಗ, ಏಕೆ ನೋಡಿದರು ಅನ್ನುವುದು ಲಾಗ್‌ನಲ್ಲಿ ಕೂರುತ್ತದೆ. ದುರ್ಬಳಕೆಯ ದೂರು ಕೇಳಲು 2006ರಲ್ಲಿ ಒಂದು ಸಮಿತಿಯೂ ಆಯಿತು. ಖಾತೆಯಿಲ್ಲದೆ ಬರೆಯುವವರ ಐಪಿಯಂತೂ ಮೊದಲು ಲೋಕಕ್ಕೆಲ್ಲ ಕಾಣುತ್ತಿತ್ತು. 2024ರಿಂದ ಹಂತಹಂತವಾಗಿ ಅದನ್ನೂ ಮರೆಮಾಡಿ ತಾತ್ಕಾಲಿಕ ಹೆಸರು ಕೊಡುವ ವ್ಯವಸ್ಥೆ ಬಂತು.

ಆದರೆ ಆ ಚೆಕ್‌ಯೂಸರ್ ಲಾಗ್ ನಿಮಗೆ ಕಾಣುವುದಿಲ್ಲ! ನಿಮ್ಮನ್ನು ಪರೀಕ್ಷಿಸಿದ್ದರೆ ನಿಮಗೆ ತಿಳಿಸಬಹುದು, ತಿಳಿಸಲೇಬೇಕು ಅಂತಿಲ್ಲ. ಇದಕ್ಕೆ ಕಾರಣ ಇಲ್ಲದಿಲ್ಲ. ತನಿಖೆ ನಡೆಯುತ್ತಿದೆ ಅಂತ ಮುಂಚೆಯೇ ಹೇಳಿದರೆ ಕಿಡಿಗೇಡಿ ಜಾಗ ಬದಲಿಸುತ್ತಾನೆ. ಒಪ್ಪಿದೆ. ಆದರೆ ಮೂರು ತಿಂಗಳು ಕಳೆದು ಆ ಮಾಹಿತಿಯೇ ಅಳಿಸಿಹೋದ ಮೇಲೆ, "ಇಂಥ ದಿನ ನಿಮ್ಮ ವಿವರ ನೋಡಲಾಯಿತು, ಕಾರಣ ಇದು" ಅಂತ ಒಂದು ಸಾಲು ಕಳಿಸಿದರೆ ಯಾರಿಗೆ ಏನು ನಷ್ಟ? ತಾಂತ್ರಿಕವಾಗಿ ಭಾರೀ ಕೆಲಸವೇನಲ್ಲ ಅಂತ ನನ್ನ ಅನಿಸಿಕೆ. ತಪ್ಪಿದ್ದರೆ ಕಾಮೆಂಟಿನಲ್ಲಿ ತಿದ್ದಿ.

ಅಂಥದ್ದೊಂದು ಸಾಲು ತಾನಾಗಿಯೇ ಹೋಗುತ್ತದೆ ಅಂತ ಗೊತ್ತಿದ್ದರೆ, ಆ ರಾತ್ರಿ ಹಾಸ್ಟೆಲಿನಲ್ಲಿ ನಾನು ಎಂಟರ್ ಒತ್ತುತ್ತಿರಲಿಲ್ಲ.

ನಮ್ಮ ತಾಣ ಮುಚ್ಚಿ ವರ್ಷಗಳಾದವು. ಅದರ ಬ್ಯಾಕಪ್ ಹಳೇ ಹಾರ್ಡ್‌ಡಿಸ್ಕಿನಲ್ಲಿ ಇನ್ನೂ ಬಿದ್ದಿತ್ತು, ಕಳೆದ ಭಾನುವಾರ ಅಳಿಸಿದೆ. ಪಕ್ಕದ ರೂಮಿನವನು ಈಗ ಪುಣೆಯಲ್ಲಿದ್ದಾನೆ. ಈ ಬ್ಲಾಗ್ ಓದುತ್ತಾನೆ ಅಂತ ಗೊತ್ತು. ಲೋ, ಅವತ್ತು ನೋಡಿದ್ದು ನಾನೇ ಕಣೋ.