ಜಗಲಿ ಶಾಲೆ, ಮನೆ ಪಾಠ, ಹೋಬಳಿ ಸ್ಕೂಲು

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋಗೆ ಒಂದು ಲೆಕ್ಕ ಬೇಕಾಯಿತು. ತನ್ನ ಪ್ರಾಂತ್ಯದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ, ಯಾವ ಯಾವ ಜಾತಿಯವರು, ಅದರಲ್ಲಿ ಹುಡುಗಿಯರು ಎಷ್ಟು ಅಂತ. ಎಲ್ಲ ಜಿಲ್ಲೆಯ ಕಲೆಕ್ಟರುಗಳಿಗೂ ಒಂದು ಫಾರಂ ಹೋಯಿತು. ಬಹಳಷ್ಟು ಜನ ತುಂಬಿ ಕಳಿಸಿದರು. ಕೆನರಾ ಜಿಲ್ಲೆಯ ಕಲೆಕ್ಟರ್ ಮಾತ್ರ ತುಂಬಲೇ ಇಲ್ಲ. ಆಗಿನ ಕೆನರಾ ಅಂದರೆ ಈಗಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು ಎಲ್ಲ ಸೇರಿದ ಉದ್ದನೆಯ ಕರಾವಳಿ. ಅವನ ಉತ್ತರದ ಸಾರಾಂಶ ಇಷ್ಟು: ಇಲ್ಲಿ ವಿದ್ಯೆ ನಡೆಯುವುದೇ ಮನೆಗಳ ಒಳಗೆ, ಖಾಯಂ ಶಾಲೆಗಳಿಲ್ಲ, ಖಾಯಂ ಮೇಷ್ಟರಿಲ್ಲ. ಎಣಿಸಿ ಕೊಟ್ಟರೆ ಆ ಲೆಕ್ಕ ದಾರಿ ತಪ್ಪಿಸುತ್ತದೆ.

ಇನ್ನೂರು ವರ್ಷದ ಹಿಂದಿನ ಈ ಕಾಗದ ಈಗ ಯಾಕೆ ನೆನಪಾಯಿತು ಅಂದರೆ, ಮೇಲುಕೋಟೆಯಲ್ಲಿರುವ ನನ್ನ ದೊಡ್ಡಮ್ಮನ ಮೊಮ್ಮಗ ಕೇಳಿದ ಪ್ರಶ್ನೆಯಿಂದ. ಹದಿನಾಲ್ಕು ತುಂಬಿದೆ, ಒಂಬತ್ತನೇ ಕ್ಲಾಸು. "ಮಾವ, ಸ್ಕೂಲ್ ಬಿಟ್ಬಿಡ್ತೀನಿ. ಮನೇಲೇ ಓದ್ಕೊಂಡು ಹತ್ತನೇದು ಕಟ್ತೀನಿ. ಆಗಲ್ವಾ?" ಅಂದ. ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಗಿದೆ. ಇಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವನು, ಇವನೇ ಬುದ್ಧಿ ಹೇಳಲಿ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಇದೆಲ್ಲ ಅಮೆರಿಕದ ಶೋಕಿ, ಹೋಂ ಸ್ಕೂಲಿಂಗ್ ಅಂತೆ, ನಮ್ಮಲ್ಲಿ ಯಾರು ಹೀಗೆ ಮಾಡಿದ್ದಾರೆ ಅನ್ನುವುದು ದೊಡ್ಡಪ್ಪನ ವಾದ. ನಮ್ಮಲ್ಲಿ ಯಾರು ಮಾಡಿದ್ದಾರೆ ಅನ್ನುವುದು ಒಳ್ಳೆಯ ಪ್ರಶ್ನೆಯೇ. ಅದಕ್ಕೇ ಈ ಬರಹ.

ಮೊದಲು ಮೇಲುಕೋಟೆಯನ್ನೇ ನೋಡಿ. ರಾಮಾನುಜರು ಬಂದು ನೆಲೆಸಿದ ಊರು ಅಂತ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದಕ್ಕೆ ತಲೆಮಾರುಗಳ ಕಾಲ ಇಲ್ಲಿ ಓದು ನಡೆದದ್ದು ಆಚಾರ್ಯರ ಮನೆಗಳಲ್ಲಿ. ಗುರುವಿನ ಮುಂದೆ ಕೂತು ಗ್ರಂಥವನ್ನು ಸಾಲು ಸಾಲಾಗಿ ಕೇಳುವುದಕ್ಕೆ ಶ್ರೀವೈಷ್ಣವರಲ್ಲಿ 'ಕಾಲಕ್ಷೇಪ' ಅಂತ ಹೆಸರು. ನಾವು ಕಾಲಹರಣ ಅನ್ನುವ ಅರ್ಥದಲ್ಲಿ ಬಳಸುವ ಪದ, ಅವರಿಗೆ ಅದೇ ಪಾಠ! :-) ಪ್ರಬಂಧ, ವೇದ, ಸ್ತೋತ್ರ ಎಲ್ಲ ಅಪ್ಪನಿಂದ ಮಗನಿಗೆ, ತಾತನಿಂದ ಮೊಮ್ಮಗನಿಗೆ. ಹಾಜರಿ ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ.

ಆಮೇಲೆ 1854ರಲ್ಲಿ ಇಲ್ಲಿ ವೇದವೇದಾಂತಬೋಧಿನೀ ಸಂಸ್ಕೃತ ಪಾಠಶಾಲೆ ಶುರುವಾಯಿತು. ಮನೆಯಲ್ಲಿದ್ದ ಪಾಠಕ್ಕೆ ಒಂದು ಕಟ್ಟಡ ಸಿಕ್ಕಿತು ಅನ್ನಿ. ತಮಾಷೆ ನೋಡಿ, ಅದೇ 1854ರಲ್ಲಿ ಲಂಡನ್ನಿನಿಂದ ಚಾರ್ಲ್ಸ್ ವುಡ್‌ನ ಪ್ರಸಿದ್ಧ ಆದೇಶವೂ ಹೊರಟಿತು. ಇವತ್ತು ನಾವು ಶಾಲೆ ಅಂತ ಕರೆಯುವ ಇಲಾಖೆ, ಇನ್ಸ್‌ಪೆಕ್ಟರು, ಗ್ರಾಂಟು, ಈ ಎಲ್ಲದರ ಬೇರು ಆ ಆದೇಶದಲ್ಲಿದೆ. ಮೈಸೂರು ಸಂಸ್ಥಾನದಲ್ಲಿ 1857ಕ್ಕೆ ವಿದ್ಯಾ ಇಲಾಖೆ ಬಂತು. 1868ರಲ್ಲಿ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಅನ್ನುವ ಯೋಜನೆ ಹಾಕಿದ. ನಮ್ಮ ಶಾಸನಗಳನ್ನೆಲ್ಲ ಸಂಗ್ರಹಿಸಿ ಪ್ರಕಟಿಸಿದ ಅದೇ ರೈಸ್. ಅಂದರೆ ಪುಸ್ತಕದ ಚೀಲ ಹೊತ್ತು ಬೆಳಿಗ್ಗೆ ಸರ್ಕಾರಿ ಸ್ಕೂಲಿಗೆ ಹೋಗುವ ನಮ್ಮ 'ಸನಾತನ' ಪದ್ಧತಿಗೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ.

ಹಾಗಾದರೆ ಅದಕ್ಕೂ ಮುಂಚೆ ಶಾಲೆಗಳೇ ಇರಲಿಲ್ಲವಾ? ಇದ್ದವು. ಕೂಲಿ ಮಠ ಅಂತ ಕೇಳಿರಬಹುದು. ಯಾರದೋ ಮನೆಯ ಜಗಲಿ, ಒಬ್ಬರು ಐಗಳು, ಮರಳಿನ ಮೇಲೆ ಅಕ್ಷರ ತಿದ್ದುವ ಹತ್ತು ಹನ್ನೆರಡು ಹುಡುಗರು. ಮನ್ರೋನ ಫಾರಂಗೆ ಅತ್ಯಂತ ವಿವರವಾಗಿ ಉತ್ತರ ಬರೆದವನು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್. 1823ರಲ್ಲಿ ಅವನು ಕೊಟ್ಟ ಲೆಕ್ಕದ ಪ್ರಕಾರ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು. ಅದರಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು.

ಆ ಶಾಲೆಗಳ ದಿನಚರಿಯನ್ನೂ ಅವನು ಬರೆದಿದ್ದಾನೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವಕ್ಕಾಗಿ 'ಸರಸ್ವತಿ' ಅಂತ ಬರೆಯುತ್ತಿದ್ದರಂತೆ. ಎರಡನೆಯವನ ಕೈಗೆ ಒಂದು ಸೊನ್ನೆ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಅಂತ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದವರಿಗೆಲ್ಲ ಏರುತ್ತಾ ಹೋಗುತ್ತದೆ. ಮೂವತ್ತನೆಯವನ ಗತಿ ಏನು ಅಂತ ನೀವೇ ಊಹಿಸಿ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಆ ಪದ್ಧತಿಯನ್ನು ಮದರಾಸಿನಲ್ಲಿ ಕಂಡ ಆಂಡ್ರ್ಯೂ ಬೆಲ್ ಅನ್ನುವ ಪಾದ್ರಿ ಅದನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿ ಅದು 'ಮದರಾಸ್ ಪದ್ಧತಿ' ಅಂತಲೇ ಹೆಸರಾಯಿತು.

ಮದರಾಸು ನಗರದ ಲೆಕ್ಕ ಇನ್ನೂ ಸ್ವಾರಸ್ಯ. ಶಾಲೆಗೆ ಹೋಗುವವರು 5,523. ಮನೆಯಲ್ಲೇ ಪಾಠ ಹೇಳಿಸಿಕೊಳ್ಳುವವರು 26,963. ಹತ್ತಿರ ಹತ್ತಿರ ಐದು ಪಟ್ಟು! ಇಷ್ಟೊಂದು ಇರಲಾರದು, ಎಲ್ಲೋ ತಪ್ಪಾಗಿದೆ ಅಂತ ಮನ್ರೋಗೇ ಅನುಮಾನ ಬಂತು. ಆದರೂ ಮನೆಪಾಠವನ್ನು ಬಿಟ್ಟು ಶಾಲೆಗಳನ್ನಷ್ಟೇ ಎಣಿಸಿದರೆ ಚಿತ್ರ ಅರ್ಧವಾಗುತ್ತದೆ ಅನ್ನುವುದನ್ನು ಅವನೂ ಒಪ್ಪಿಕೊಂಡ. ಈ ಕಡತಗಳನ್ನೆಲ್ಲ ಹುಡುಕಿ 1983ರಲ್ಲಿ ಪುಸ್ತಕ ಮಾಡಿದವರು ಧರಂಪಾಲ್.

ಇಲ್ಲಿಗೆ ನಿಲ್ಲಿಸಿದರೆ ಹುಡುಗ ಗೆದ್ದ ಹಾಗೆ. "ನೋಡಿ ತಾತ, ಮನೆಪಾಠವೇ ನಮ್ಮ ಸಂಪ್ರದಾಯ" ಅಂದುಬಿಡಬಹುದು. ಆದರೆ ಅದೇ ಲೆಕ್ಕದ ಇನ್ನೊಂದು ಕಾಲಂ ನೋಡಿ. ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಆಗ ಒಂಬತ್ತು ಲಕ್ಷಕ್ಕೂ ಹೆಚ್ಚು. ಶಾಲೆಯಲ್ಲಿದ್ದ ಮಕ್ಕಳು 6,641. ಅವರಲ್ಲಿ ಹುಡುಗಿಯರು ಬರೀ 60. ಇಡೀ ಜಿಲ್ಲೆಗೆ ಅರವತ್ತು ಹುಡುಗಿಯರು!

ಮನೆಪಾಠ ಸಿಗಬೇಕಾದರೆ ಮನೆಯಲ್ಲಿ ಪಾಠ ಇರಬೇಕು. ಓಲೆಗರಿ ಇದ್ದ ಮನೆಯ ಹುಡುಗ ಓದಿದ. ನೇಗಿಲಿದ್ದ ಮನೆಯ ಹುಡುಗ ನೇಗಿಲು ಕಲಿತ. ಅದೂ ವಿದ್ಯೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ವಿದ್ಯೆಯಿಂದ ಇನ್ನೊಂದಕ್ಕೆ ದಾಟಲು ಬಾಗಿಲೇ ಇರಲಿಲ್ಲ. ಮೇಲುಕೋಟೆಯ ದೇವಸ್ಥಾನದಲ್ಲಿ ತಿರುಕುಲದವರಿಗೆ ವರ್ಷಕ್ಕೆ ಮೂರು ದಿನ ಪ್ರವೇಶ ಅನ್ನುವ ಪದ್ಧತಿ ಶತಮಾನಗಳ ಕಾಲ ಇತ್ತು. ಆ ಕಾಲಕ್ಕೆ ಅದೇ ದೊಡ್ಡದು ಅಂತ ಹಿರಿಯರು ಹೇಳುತ್ತಾರೆ, ನಿಜವೂ ಇರಬಹುದು. ಆದರೆ ವರ್ಷದ 365 ದಿನವೂ ತೆರೆದಿರಬೇಕಾದ ಒಂದು ಬಾಗಿಲು ಬೇಕಿತ್ತು. ಅದು ಸರ್ಕಾರಿ ಸ್ಕೂಲಿನ ಬಾಗಿಲು.

ಅದೂ ಸುಲಭಕ್ಕೆ ತೆರೆಯಲಿಲ್ಲ. 1913ರಲ್ಲಿ ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತು. 1915ರಲ್ಲಿ ಅಸ್ಪೃಶ್ಯರೆನ್ನಿಸಿಕೊಂಡವರ ಮಕ್ಕಳನ್ನೂ ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಬೇಕು ಅನ್ನುವ ಆದೇಶ ಬಂತು. ಆಗ ಗಲಾಟೆಯಾಯಿತು, ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡ ಕಡೆಗಳೂ ಉಂಟು. ಶಾಲೆ ಬಿಡಿಸಿ ಮನೆಯಲ್ಲಿ ಓದಿಸುವುದಕ್ಕೆ ನಮ್ಮಲ್ಲಿ ಇಂಥ ಕಾರಣವೂ ಇತ್ತು. ಇದನ್ನು ಮರೆತು ಬರೀ ಗುರುಕುಲದ ಗುಣಗಾನ ಮಾಡಿದರೆ ಇತಿಹಾಸಕ್ಕೆ ಮೋಸ ಮಾಡಿದ ಹಾಗೆ.

ಹಾಗಂತ ಮನೆಯಲ್ಲಿ ಕಲಿತವರ ಕಥೆಗಳು ಸಣ್ಣವೇನಲ್ಲ. ಮೂರು ಹೇಳುತ್ತೇನೆ.

ಮೊದಲನೆಯದು ಕುಪ್ಪಳಿಯದು. 1904ರಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ಅಕ್ಷರಾಭ್ಯಾಸ ಮನೆಯಲ್ಲೇ. ದಕ್ಷಿಣ ಕನ್ನಡದಿಂದ ಕರೆಸಿಕೊಂಡ ಮೇಷ್ಟರೊಬ್ಬರು ಮನೆಯ ಹುಡುಗರಿಗೆ ಪಾಠ ಹೇಳುತ್ತಿದ್ದರು. ಕಾಡಿನ ನಡುವಿನ ಒಂಟಿ ಮನೆ, ಬೇರೆ ದಾರಿಯೂ ಇರಲಿಲ್ಲ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ತೀರ್ಥಹಳ್ಳಿಯ ಶಾಲೆ, ಆಮೇಲೆ ಮೈಸೂರು. ಮನೆಪಾಠ ಹೊಸ್ತಿಲಾಯಿತು, ಶಾಲೆ ದಾರಿಯಾಯಿತು.

ಎರಡನೆಯದು ನಂಜನಗೂಡಿನದು. ತಿರುಮಲಾಂಬ, 1887ರಲ್ಲಿ ಹುಟ್ಟಿದವರು, ಶ್ರೀವೈಷ್ಣವ ಮನೆತನ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ನಮ್ಮ ಹುಡುಗನ ವಯಸ್ಸೇ. ಆ ಕಾಲದಲ್ಲಿ ಆ ಹುಡುಗಿಗೆ ಉಳಿದದ್ದು ಮನೆಯ ಒಂದು ಮೂಲೆ. ಆದರೆ ಅವರ ತಂದೆ ಓದಲು ಉತ್ತೇಜನ ಕೊಟ್ಟರು, ಪುಸ್ತಕ ಕೊಟ್ಟರು. ಮನೆಯಲ್ಲೇ ಓದಿ ಬರೆದು 1913ರಲ್ಲಿ 'ಸುಶೀಲೆ' ಕಾದಂಬರಿ ತಂದರು, 'ಸತೀಹಿತೈಷಿಣಿ' ಗ್ರಂಥಮಾಲೆ ನಡೆಸಿದರು, 'ಕರ್ನಾಟಕ ನಂದಿನಿ' ಪತ್ರಿಕೆ ಹೊರಡಿಸಿದರು. ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ, ಪತ್ರಕರ್ತೆ, ಪ್ರಕಾಶಕಿ ಅಂತ ಇವತ್ತು ಅವರನ್ನು ನೆನೆಯುತ್ತೇವೆ. ಆದರೆ ಆ ಮನೆ ಅವರು ಆರಿಸಿಕೊಂಡದ್ದಲ್ಲ. ಅಂಥ ಅಪ್ಪ ಸಿಗದ, ಅದೇ ವಯಸ್ಸಿನ, ಅದೇ ಸ್ಥಿತಿಯ ಸಾವಿರಾರು ಹುಡುಗಿಯರ ಹೆಸರು ನಮಗೆ ಗೊತ್ತೇ ಇಲ್ಲ.

ಮೂರನೆಯದು ಪುತ್ತೂರಿನದು. ಶಿವರಾಮ ಕಾರಂತರು ಗಾಂಧೀಜಿಯ ಕರೆ ಕೇಳಿ ಕಾಲೇಜು ಬಿಟ್ಟವರು. ಮಕ್ಕಳಿಗೆ ಪಾಠ ಹೇಗಿರಬೇಕು ಅಂತ ಬಾಲವನದಲ್ಲಿ ಪ್ರಯೋಗ ಮಾಡಿದರು, ಒಬ್ಬರೇ ಕೂತು 'ಬಾಲ ಪ್ರಪಂಚ'ದ ಸಂಪುಟಗಳನ್ನು ಬರೆದರು. ತಮ್ಮ ಮಕ್ಕಳನ್ನೂ ಆರಂಭದ ವರ್ಷಗಳಲ್ಲಿ ಮನೆಯಲ್ಲೇ ಕಲಿಸಿದರು. ಆ ಮಕ್ಕಳು ಬರೆದ ನೆನಪಿನ ಪುಸ್ತಕ 2021ರಲ್ಲಿ ಬಂದಿದೆ. ಅವರಲ್ಲಿ ಒಬ್ಬರು ಹುಲಿಗಳ ಅಧ್ಯಯನಕ್ಕೆ ಹೆಸರಾದ ಉಲ್ಲಾಸ ಕಾರಂತರು. ಅವರೂ ಮುಂದೆ ಶಾಲೆಗೆ ಹೋದರು, ಇಂಜಿನಿಯರಿಂಗ್ ಓದಿದರು, ಅದನ್ನು ಬಿಟ್ಟು ಕಾಡಿಗೆ ಹೋದರು!

ಈ ಮೂರರಲ್ಲೂ ಸಮಾನವಾದದ್ದು ಏನು? ಮನೆಯ ಗೋಡೆಗಳಲ್ಲ. ಮನೆಯೊಳಗೆ ಪಾಠಕ್ಕೆ ಸಮಯ ಕೊಟ್ಟ ಒಬ್ಬ ದೊಡ್ಡವರು. ಕುಪ್ಪಳಿಯಲ್ಲಿ ಕರೆಸಿಕೊಂಡ ಮೇಷ್ಟರು, ನಂಜನಗೂಡಿನಲ್ಲಿ ಅಪ್ಪ, ಪುತ್ತೂರಿನಲ್ಲಿ ಕಾರಂತ ದಂಪತಿಗಳು. ಆ ಒಬ್ಬರನ್ನು ತೆಗೆದುಬಿಡಿ, ಉಳಿಯುವುದು ಶಾಲೆ ಬಿಟ್ಟ ಮಗು ಅಷ್ಟೇ.

ಇದಕ್ಕೆ ದೂರದ ಉದಾಹರಣೆ ಬೇಡ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆಗಳೆಲ್ಲ ಮುಚ್ಚಿದಾಗ ನಾಡಿಗೆ ನಾಡೇ ಮನೆಪಾಠಕ್ಕೆ ಇಳಿಯಿತು. ಫೋನು, ನೆಟ್ಟು, ಜೊತೆಗೆ ಕೂರಲು ಬಿಡುವಿರುವ ಅಪ್ಪ ಅಮ್ಮ ಇದ್ದ ಮನೆಗಳಲ್ಲಿ ಹೇಗೋ ನಡೆಯಿತು. ಇಲ್ಲದ ಮನೆಗಳಲ್ಲಿ ಮಕ್ಕಳು ಹೊಲಕ್ಕೆ, ಕೂಲಿಗೆ ಹೋದರು. ಆಗ ನಮ್ಮ ಶಿಕ್ಷಣ ಇಲಾಖೆ ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರು ಮಾಡಿತು. ಮೇಷ್ಟರೇ ಊರಿಗೆ ಬಂದು ದೇವಸ್ಥಾನದ ಆವರಣದಲ್ಲಿ, ಅರಳಿಕಟ್ಟೆಯಲ್ಲಿ, ಜಗಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಕ್ಯಾಂಪ್‌ಬೆಲ್ ಬರೆದಿಟ್ಟ ಜಗಲಿ ಶಾಲೆ ಎರಡು ಶತಮಾನದ ನಂತರ ಎರಡು ತಿಂಗಳ ಮಟ್ಟಿಗೆ ಎದ್ದು ಬಂದಿತ್ತು. ಈ ಸಲ ಅಲ್ಲಿ ಹುಡುಗಿಯರೂ ಕೂತಿದ್ದರು, ಎಲ್ಲ ಕೇರಿಯವರೂ ಕೂತಿದ್ದರು. ನಡುವೆ ಆದದ್ದು ಸಣ್ಣ ಬದಲಾವಣೆ ಅಲ್ಲ.

ಇನ್ನು ಕಾನೂನಿನ ಮಾತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ. ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದು ಹೇಳುತ್ತದೆ. ಮನೆಯಲ್ಲಿ ಕಲಿಸುವ ವಿಷಯವನ್ನು ಎತ್ತುವುದೇ ಇಲ್ಲ. ಹದಿನಾಲ್ಕು ದಾಟಿದವನಿಗೆ ದಾರಿ ಸ್ವಲ್ಪ ಸಲೀಸು. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ (ಈಗ ಎನ್‌ಐಓಎಸ್) ಹದಿನಾಲ್ಕು ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು. ಆ ಕಾಲದ ಮನೆಪಾಠಕ್ಕೆ ಇರದಿದ್ದ ಹೊರಬಾಗಿಲು ಇದು. ಮನೆಯಲ್ಲಿ ಓದಿದ್ದನ್ನು ಹೊರಗಿನ ಲೋಕ ಒಪ್ಪುವಂತೆ ಮಾಡುವ ಒಂದು ಚೀಟಿ. ದೊಡ್ಡಪ್ಪನ ಅರ್ಧ ಭಯ ಇದರಿಂದ ಕರಗಬೇಕು.

ಉಳಿದ ಅರ್ಧ ಇರುವುದು ಹುಡುಗನ ಕೈಯಲ್ಲಿ. ಅವನಿಗೆ ನಾನು ಆಗುತ್ತದೆ ಅಂತಲೂ ಹೇಳಿಲ್ಲ, ಆಗಲ್ಲ ಅಂತಲೂ ಹೇಳಿಲ್ಲ. ಮೂರು ಪ್ರಶ್ನೆ ಬರೆದು ಕಳಿಸಿದ್ದೇನೆ. ಒಂದು, ದಿನಾ ನಿನ್ನ ಜೊತೆ ಕೂರುವ ದೊಡ್ಡವರು ಯಾರು? ಅಮ್ಮನಾ, ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟರಾ? ಹೆಸರು ಹೇಳು, ಅವರನ್ನು ಕೇಳಿ ಒಪ್ಪಿಸು. ಎರಡು, ನಿನ್ನ ಮನೆಯವರಲ್ಲದ, ನಿನ್ನ ಜಾತಿಯವರಲ್ಲದ ಹುಡುಗರ ಜೊತೆ ಎಲ್ಲಿ ಆಡುತ್ತೀಯ, ಎಲ್ಲಿ ಜಗಳ ಆಡುತ್ತೀಯ? ಸ್ಕೂಲು ಪಾಠ ಹೇಳಿಕೊಡದಿದ್ದರೂ ಇದನ್ನು ಪುಕ್ಕಟೆ ಕೊಡುತ್ತದೆ. ಮೂರು, ನೀನು ಮನೆಯ ಕಡೆಗೆ ಹೋಗುತ್ತಿದ್ದೀಯಾ, ಇಲ್ಲಾ ಶಾಲೆಯಿಂದ ಓಡುತ್ತಿದ್ದೀಯಾ? ಓಡುತ್ತಿದ್ದರೆ ಯಾರ ಭಯಕ್ಕೆ? ಹೊಡೆಯುವ ಮೇಷ್ಟರಾ, ಚುಡಾಯಿಸುವ ಹುಡುಗರಾ, ಅರ್ಥವಾಗದ ಗಣಿತವಾ? ಹಾಗಿದ್ದರೆ ಮೊದಲು ಅದನ್ನು ಬಾಯಿಬಿಟ್ಟು ಹೇಳು. ಅದಕ್ಕೆ ಮದ್ದು ಬೇರೆ.

ಮೂರನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ. ನಾನೂ ಅವಸರ ಮಾಡುತ್ತಿಲ್ಲ. ಹದಿನಾಲ್ಕು ವರ್ಷದವನು ಅದನ್ನು ಹೇಳುವುದಕ್ಕೆ ಸಮಯ ಬೇಕು, ಕೇಳುವವರಿಗೆ ತಾಳ್ಮೆ ಬೇಕು.

ಮೇಲುಕೋಟೆಯವರೇ ಆದ ಪು.ತಿ.ನ. ನೆನಪಾಗುತ್ತಾರೆ. ಮನೆಮಾತು ತಮಿಳು, ಊರಿನಿಂದ ಬಂದದ್ದು ದೇವಸ್ಥಾನದ ಸಂಸ್ಕೃತ, ಡಿಗ್ರಿ ಮಹಾರಾಜ ಕಾಲೇಜಿನದು, ಹೊಟ್ಟೆಪಾಡಿಗೆ ಸರ್ಕಾರಿ ನೌಕರಿ, ಬರೆದದ್ದು ಕನ್ನಡದಲ್ಲಿ. ಇದರಲ್ಲಿ ಎಷ್ಟು ಪಾಲು ಮನೆಯದು, ಎಷ್ಟು ಪಾಲು ಶಾಲೆಯದು ಅಂತ ಯಾರು ಬಿಡಿಸಿ ಹೇಳಬಲ್ಲರು? ಫಾರಂ ತುಂಬಲು ಒಪ್ಪದ ಆ ಕೆನರಾ ಕಲೆಕ್ಟರನಿಗೂ ಇದೇ ಕಷ್ಟ ಬಂದಿರಬೇಕು.

ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಶಾಲೆಯ ಮೆಟ್ಟಿಲು ಹತ್ತದೆ ಓದು ಬರಹ ಕಲಿತದ್ದಿದ್ದರೆ, ಯಾರು ಕಲಿಸಿದರು ಅಂತ ಒಮ್ಮೆ ಕೇಳಿ ನೋಡಿ. ಅವರಿರುವಾಗಲೇ ಕೇಳಿಬಿಡಿ.